ಲೆಕ್ಕದ ಸೂರ್ಯ

ಒತ್ತಿದ್ದು ಒಂದೇ ಸಲ. ಅದರಲ್ಲಿ ಮಯೂರನಿಗೆ ಅನುಮಾನವಿರಲಿಲ್ಲ. ಬಸ್ಸು ಸಾಗರ ಬಿಟ್ಟು ಹೊಸನಗರದ ರಸ್ತೆ ಹಿಡಿದಿತ್ತು. ತೊಡೆಯ ಮೇಲಿನ ಲ್ಯಾಪ್‌ಟಾಪ್ ಜಾರದ ಹಾಗೆ ಎಡಗೈಯಲ್ಲಿ ಅವುಚಿಕೊಂಡು, ಪರದೆಯ ಮೇಲಿನ ಲೆಕ್ಕದ ಹಾಳೆಯ ಮೂಲೆಯಲ್ಲಿ ತಾನೇ ಕೂರಿಸಿದ್ದ ಹಸಿರು ಗುಂಡಿಯನ್ನು ಒತ್ತಿದ. ಗುಂಡಿಯ ಮೇಲೆ 'ಸರಿಪಡಿಸು' ಎಂದು ಬರೆದಿತ್ತು. ಮುಂದಿನ ವರ್ಷದ ಕ್ಯಾಲೆಂಡರಿನ ಸೂರ್ಯೋದಯಗಳೆಲ್ಲ ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಅಲುಗಿ, ತಮ್ಮ ತಮ್ಮ ಹೊಸ ಹೊತ್ತಿನಲ್ಲಿ ಕೂತವು. ಜನವರಿ ಒಂದು: ಆರು ಐವತ್ಮೂರು.

ಅಕ್ಷರದ ಗಾತ್ರ ಹೊಂದಿಸಲೆಂದು ಈ ವರ್ಷದ ಹಾಳೆಯನ್ನೂ ಪಕ್ಕದಲ್ಲಿ ತೆರೆದ. ಅಲ್ಲಿ ಜನವರಿ ಒಂದು: ಏಳು ಇಪ್ಪತ್ತೆರಡು.

ಕಣ್ಣು ತಿಕ್ಕಿಕೊಂಡ. ಜನವರಿ ಒಂದರ ಸೂರ್ಯ ವರ್ಷಕ್ಕೊಂದು ಹೊತ್ತಿಗೆ ಹುಟ್ಟುವ ಗಿರಾಕಿಯಲ್ಲ. ಹೆಚ್ಚೆಂದರೆ ಒಂದು ನಿಮಿಷ ಆಚೀಚೆ. ಇಷ್ಟನ್ನು ಅವನು ಸಾಗರದ ಕಾಲೇಜಿನಲ್ಲಿ ಭೌತಶಾಸ್ತ್ರದ ಹುಡುಗರಿಗೆ ಬೋರ್ಡಿನ ಮೇಲೆ ಬರೆದೇ ತೋರಿಸಬಲ್ಲ. ಹಾಗಿದ್ದರೆ ಈ ಅರ್ಧ ಗಂಟೆ ಎಲ್ಲಿಂದ ಬಂತು? ಫೆಬ್ರವರಿ ನೋಡಿದ. ಅಲ್ಲೂ ಇಪ್ಪತ್ತೊಂಬತ್ತು ನಿಮಿಷ ಹೆಚ್ಚು. ಜೂನ್ ನೋಡಿದ. ಅಲ್ಲೂ ಅಷ್ಟೆ. ಸೂರ್ಯಾಸ್ತದ ಕಾಲಂನಲ್ಲೂ ಅದೇ. ಈ ವರ್ಷಪೂರ್ತಿ ಸೂರ್ಯ ಶಿಸ್ತಾಗಿ ಇಪ್ಪತ್ತೊಂಬತ್ತು ನಿಮಿಷ ತಡ ಮಾಡಿಕೊಂಡು ಹುಟ್ಟಿದ್ದ, ತಡ ಮಾಡಿಕೊಂಡು ಮುಳುಗಿದ್ದ.

ಇಪ್ಪತ್ತೊಂಬತ್ತು ಅವನಿಗೆ ಚೆನ್ನಾಗಿ ಗೊತ್ತಿದ್ದ ಸಂಖ್ಯೆ. ಅದು ಅಪ್ಪನದು.

ಅಪ್ಪ ಸುಬ್ಬಕೃಷ್ಣ ತೀರ್ಥಹಳ್ಳಿಯಲ್ಲಿ ಹೈಸ್ಕೂಲ್ ಗಣಿತದ ಮೇಷ್ಟ್ರಾಗಿದ್ದವರು. ಸಾಗರದ ಒಂದು ಪ್ರೆಸ್ಸಿಗೆ ಪ್ರತಿವರ್ಷ ಗೋಡೆ ಕ್ಯಾಲೆಂಡರಿನ ಲೆಕ್ಕ ಮಾಡಿಕೊಡುತ್ತಿದ್ದರು: ಸೂರ್ಯ ಹುಟ್ಟುವ ಹೊತ್ತು, ಮುಳುಗುವ ಹೊತ್ತು, ತಿಥಿ, ಯಾವ ತಿಥಿಯ ಶ್ರಾದ್ಧ ಯಾವ ದಿನ ಎಂಬುದು. ಮೂಲ ಕೋಷ್ಟಕದ ಹೊತ್ತು ದೇಶಕ್ಕೆಲ್ಲ ಒಂದೇ ಎಂದು ಹಿಡಿದ, ದೂರದ ಪೂರ್ವದ ಒಂದು ರೇಖೆಯದ್ದು. ಅಲ್ಲಿಂದ ಸೂರ್ಯ ತೀರ್ಥಹಳ್ಳಿಗೆ ಬರುವಾಗ ಇಪ್ಪತ್ತೊಂಬತ್ತು ನಿಮಿಷ ತಡ. ಆ ಇಪ್ಪತ್ತೊಂಬತ್ತನ್ನು ಅಪ್ಪ ವರ್ಷದ ಒಂದೊಂದು ದಿನಕ್ಕೂ ಸೀಸದ ಕಡ್ಡಿಯಲ್ಲಿ ಕೂಡಿಸುತ್ತಿದ್ದರು. ಮೂರು ತಾಲೂಕಿನ ಅಡುಗೆಮನೆಗಳಲ್ಲಿ ಅವರ ಸೂರ್ಯ ಮೊಳೆಗೆ ತೂಗುತ್ತಿದ್ದ.

ಎರಡು ವರ್ಷದ ಹಿಂದೆ, ಕಾರ್ತಿಕದಲ್ಲಿ, ಅವರು ತೀರಿಕೊಂಡರು. ಮರುವರ್ಷದ ಕ್ಯಾಲೆಂಡರನ್ನು ಅಷ್ಟರಲ್ಲಿ ಮುಗಿಸಿಕೊಟ್ಟಿದ್ದರು. ತಮ್ಮ ಮೊದಲ ವರ್ಷದ ಶ್ರಾದ್ಧದ ದಿನವನ್ನು ತಾವೇ, ತಮಗೆ ಗೊತ್ತಿಲ್ಲದೆ, ಲೆಕ್ಕ ಹಾಕಿಟ್ಟು ಹೋಗಿದ್ದರು. ಆಮೇಲೆ ಪ್ರೆಸ್ಸಿನ ಜಟ್ಟಿಂಗಪ್ಪ ಮಗನನ್ನು ಹುಡುಕಿಕೊಂಡು ಬಂದ.

ಮಯೂರನಿಗೆ ತಿಥಿ ನಕ್ಷತ್ರಗಳಲ್ಲಿ ನಂಬಿಕೆಯಿಲ್ಲ. ಆದರೂ ಒಪ್ಪಿಕೊಂಡ. ಯಾಕೆ ಎಂದು ಹೆಂಡತಿ ಸುಮನಾ ಕೇಳಿದಾಗ 'ಒಂದು ಎಕ್ಸರ್‌ಸೈಜು' ಎಂದಿದ್ದ. ಗುಂಡಿ ಒತ್ತಿದರೆ ಹಾಳೆಯ ಲೆಕ್ಕವನ್ನೆಲ್ಲ ತಾನೇ ಮಾಡುವ ಮ್ಯಾಕ್ರೋ ಬರೆಯಲು ವಿಡಿಯೋ ನೋಡಿ ನೋಡಿ ಕಲಿತ. ಮೊದಮೊದಲ ಮ್ಯಾಕ್ರೋ, ಹೆಚ್ಚೇನಿಲ್ಲ: ಕಾಲಂನ ಒಂದೊಂದು ಮನೆಗೂ ಹೋಗು, ಅಲ್ಲಿರುವ ಹೊತ್ತಿಗೆ ಇಪ್ಪತ್ತೊಂಬತ್ತು ನಿಮಿಷ ಕೂಡಿಸು, ಅದೇ ಮನೆಯಲ್ಲಿ ವಾಪಸ್ ಇಡು, ಖಾಲಿ ಮನೆ ಸಿಕ್ಕರೆ ನಿಲ್ಲು. ಅಪ್ಪನ ಒಂದು ತಿಂಗಳ ಕೆಲಸ ರೆಪ್ಪೆ ಬಡಿಯುವಷ್ಟರಲ್ಲಿ ಮುಗಿದದ್ದು ನೋಡಿ ಅವನಿಗೆ ಖುಷಿಯಾಗಿತ್ತು; ಅಪ್ಪ ಬದುಕಿಲ್ಲದ್ದು ಒಳ್ಳೆಯದೇ ಆಯಿತು ಎಂದೂ ಅನ್ನಿಸಿತ್ತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಗಲಿಲ್ಲವಲ್ಲ ಎಂದು ಆಮೇಲೆ ಸ್ವಲ್ಪ ಯೋಚಿಸಿದ್ದ.

ಈಗ ಬಸ್ಸಿನಲ್ಲಿ ಎಲ್ಲ ಒಂದೊಂದಾಗಿ ನೆನಪಿಗೆ ಬಂತು. ಕಳೆದ ವರ್ಷ, ಸ್ಟಾಫ್ ರೂಮು. ಗುಂಡಿ ಒತ್ತಿದಾಗ ಪರದೆ ಬೆಳ್ಳಗಾಗಿ ನಿಂತುಬಿಟ್ಟಿತ್ತು. ಯಾರೋ ಚಹಾಕ್ಕೆ ಕರೆದರು. ಒತ್ತಲಿಲ್ಲವೇನೋ ಎಂದುಕೊಂಡು ಏಳುವ ಮುಂಚೆ ಇನ್ನೊಮ್ಮೆ ಒತ್ತಿದ. ಅಷ್ಟೇ ಆದದ್ದು. ಮ್ಯಾಕ್ರೋಗೆ ನೆನಪು ಅಂತ ಇಲ್ಲ. ಆಗಲೇ ಕೂಡಿಸಿಯಾಗಿದೆ ಎಂದು ಅದು ಹೇಳುವುದಿಲ್ಲ. ಕೂಡಿಸು ಎಂದರೆ ಕೂಡಿಸುತ್ತದೆ. ಮ್ಯಾಕ್ರೋ ಮಾಡಿದ್ದನ್ನು ರದ್ದು ಮಾಡುವ ಬಾಣವೂ ಕೆಲಸ ಮಾಡುವುದಿಲ್ಲ. ಬೂದಿ ಬಣ್ಣಕ್ಕೆ ತಿರುಗಿ ಸುಮ್ಮನೆ ಕೂತಿರುತ್ತದೆ.

ಫೋನು ಗುಂಯ್‌ಗುಟ್ಟಿತು. ಜಟ್ಟಿಂಗಪ್ಪ.

'ಮೇಷ್ಟ್ರೇ, ಫೈಲ್ ಕಳಿಸಿದ್ರಾ?'

'ಒಂದ್ಸಲ ನೋಡ್ತಿದೀನಿ.'

'ನೋಡೋದೆಂತ ಇದೆ. ಈ ವರ್ಷದ್ದೇ ಲೆಕ್ಕ ಇರ್ಲಿ. ನಿಮ್ಮಪ್ಪನ್ನ ಮೀರಿಸಿದ್ರಿ ನೀವು.'

'ಯಾಕೆ?'

'ನಮ್ಮ ಮಾವನ ಮನೆ ನಿಟ್ಟೂರು ಹತ್ರ ಅಲ್ವಾ. ಮೊದ್ಲೆಲ್ಲ ಕ್ಯಾಲೆಂಡರಲ್ಲಿ ಆರೂವರೆ ಅಂತ ಇದ್ರೆ ಸೂರ್ಯ ಏಳು ಗಂಟೆಗೆ ಮುಖ ತೋರಿಸೋನು. ಮಾವ ಗೊಣಗೋರು. ಈ ವರ್ಷ ಕ್ಯಾಲೆಂಡರಲ್ಲೂ ಏಳು, ಅಂಗಳದಲ್ಲೂ ಏಳು. ಕರೆಕ್ಟ್ ಅಂದ್ರೆ ಕರೆಕ್ಟ್.'

'ಅದು ಎದುರಿಗೆ ಗುಡ್ಡ ಇರೋದಕ್ಕೆ.'

'ಗುಡ್ಡ ಮೊದ್ಲೂ ಇತ್ತಲ್ಲ ಮೇಷ್ಟ್ರೇ.'

ಮಯೂರ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದ. ಆಮೇಲೆ, 'ನೆಟ್‌ವರ್ಕ್ ಹೋಗ್ತಿದೆ' ಎಂದ. ಹೋಗಿರಲಿಲ್ಲ.

ಕಿಟಕಿಯ ಹೊರಗೆ ಮಂಜು. ಎಲ್ಲಿ ಗುಡ್ಡ, ಎಲ್ಲಿ ಆಕಾಶ ತಿಳಿಯುತ್ತಿರಲಿಲ್ಲ. ಈ ಸೀಮೆಯಲ್ಲಿ ಸೂರ್ಯ ಹುಟ್ಟಿದ್ದನ್ನು ಕಂಡವರು ಯಾರಿದ್ದಾರೆ? ಅವನು ಗುಡ್ಡ ಹತ್ತಿ ಬಂದಮೇಲೆ ನೋಡುತ್ತಾರೆ, ಅಷ್ಟೆ. ಅಪ್ಪ ಚಿಕ್ಕಂದಿನಲ್ಲಿ ಅವನಿಗೆ ಹೇಳಿಕೊಟ್ಟಿದ್ದರು: ಕಣ್ಣಿನ ಸೂರ್ಯ ಬೇರೆ, ಲೆಕ್ಕದ ಸೂರ್ಯ ಬೇರೆ, ನಮ್ಮ ಕಡೆ ಕಣ್ಣಿನವನನ್ನು ನಂಬಬಾರದು, ಅವನು ಗುಡ್ಡದ ಮಾತು ಕೇಳುತ್ತಾನೆ. ಹಾಗಾಗಿ ಮೂರು ತಾಲೂಕಿನಲ್ಲಿ ಒಬ್ಬರಾದರೂ ತಪ್ಪು ಹಿಡಿಯಲಿಲ್ಲ. ಹಿಡಿಯುವುದಿರಲಿ, ಹೊಗಳಿದರು.

ಹೋಗಲಿ, ಯಾರಿಗೇನು ನಷ್ಟ ಎಂದುಕೊಂಡು ಲ್ಯಾಪ್‌ಟಾಪ್ ಮುಚ್ಚಲು ಹೋದವನು ಕೈ ಹಿಂದೆಗೆದ. ಅವನು ಈ ಬಸ್ಸಿನಲ್ಲಿ ಕೂತಿದ್ದದ್ದೇ ಇವತ್ತು ಅಪ್ಪನ ತಿಥಿ ಎಂಬ ಕಾರಣಕ್ಕೆ. ಇವತ್ತು ಎಂದು ಹೇಳಿದ್ದು ಅದೇ ಕ್ಯಾಲೆಂಡರು.

ನವೆಂಬರಿಗೆ ಇಳಿದ. ಕಾರ್ತಿಕ ಬಹುಳ ಪಂಚಮಿ. ಪಂಚಮಿ ಇವತ್ತು ಮಧ್ಯಾಹ್ನ ಕಳೆದಮೇಲೆ ಹತ್ತಿ, ನಾಳೆ ಮಧ್ಯಾಹ್ನ ಕಳೆದಮೇಲೆ ಬಿಡುತ್ತದೆ. ಇಂಥ ಗಡಿಯ ಮೇಲಿನ ತಿಥಿ ಬಂದಾಗ ಶ್ರಾದ್ಧ ಯಾವ ದಿನ ಎನ್ನುವುದನ್ನು ಅಪರಾಹ್ನ ಎಂಬ ಹೊತ್ತು ಹೇಳುತ್ತದೆ: ಯಾವ ದಿನದ ಅಪರಾಹ್ನದಲ್ಲಿ ತಿಥಿ ಹೆಚ್ಚು ಹೊತ್ತು ಇರುತ್ತದೋ ಆ ದಿನ. ಅಪರಾಹ್ನ ಎಂದರೆ ಹಗಲಿನ ಐದು ಪಾಲಿನಲ್ಲಿ ನಾಲ್ಕನೆಯದು; ಅದನ್ನು ಸೂರ್ಯೋದಯದಿಂದ ಎಣಿಸುತ್ತಾರೆ. ಸೂರ್ಯೋದಯ ಅರ್ಧ ಗಂಟೆ ಸರಿದರೆ ಅದೂ ಸರಿಯುತ್ತದೆ. ವರ್ಷದ ಉಳಿದ ದಿನ ಏನೂ ಆಗದು. ಗಡಿಯ ಮೇಲಿದ್ದಾಗ ಮಾತ್ರ ದಿನವೇ ಬದಲಾಗುತ್ತದೆ.

ಸರಿಯಾದ ಸೂರ್ಯೋದಯ ಹಾಕಿ ಬೆರಳಲ್ಲಿ ಎಣಿಸಿದ. ಇನ್ನೊಮ್ಮೆ ಎಣಿಸಿದ. ಅಪ್ಪನ ದಿನ ಇವತ್ತಲ್ಲ. ನಾಳೆ.

ನಗು ಬಂತು. ಪಕ್ಕದ ಸೀಟಿನ ಹೆಂಗಸು ಅವನತ್ತ ನೋಡಿ ಮಗುವನ್ನು ಸ್ವಲ್ಪ ಆಚೆ ಎಳೆದುಕೊಂಡಳು.

ಹೊಸನಗರದಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಇಳಿದು, ತಂಗಿ ಅಪೇಕ್ಷಾಗೆ ಫೋನು ಮಾಡಿದ. ಅವಳು ತೀರ್ಥಹಳ್ಳಿಯ ಶಾಲೆಯೊಂದರಲ್ಲಿ ಟೀಚರು. ಅಮ್ಮ ಅವಳ ಜೊತೆ ಇದ್ದರು.

'ಎಲ್ಲಿದ್ದಿ ಅಣ್ಣ? ಅಡುಗೆಯವ್ರು ಆಗ್ಲೇ ಬಂದಾಯ್ತು. ಭಟ್ರು ಹನ್ನೊಂದಕ್ಕೇ ಬರ್ತಾರಂತೆ.'

'ಹೊಸನಗರ. ಅದೇ...'

'ಎಂತ?'

'ರಜ ಹಾಕಿದ್ಯಾ?'

'ಹಾಕ್ದೆ ಮತ್ತೆ? ಇವತ್ತೊಂದಿನ ಕೊಟ್ಟಿದಾರೆ, ಅದಕ್ಕೂ ಹೆಡ್‌ಮಿಸ್ ಮುಖ ಊದಿಸ್ಕಂಡಿದ್ರು. ಎಂತಕ್ಕೆ ಕೇಳ್ದಿ?'

'ಸುಮ್ನೆ.'

ಫೋನು ಇಟ್ಟಮೇಲೆ ಚಹಾ ಕುಡಿದ. ಸಕ್ಕರೆ ಹೆಚ್ಚಾಗಿತ್ತು. ಹೇಳಬೇಕಿತ್ತು, ಹೇಳಲಿಲ್ಲ; ಅದರಲ್ಲೇನೂ ಆಶ್ಚರ್ಯವಿಲ್ಲ, ಹೇಳಬೇಕಾದ್ದನ್ನು ಹೇಳದೆ ಇರುವುದು ಅವನಿಗೆ ಊಟದಷ್ಟೇ ರೂಢಿ. ಆಶ್ಚರ್ಯವಾದದ್ದು ಬೇರೆಯದಕ್ಕೆ. ತಪ್ಪು ತಿಳಿದ ಗಳಿಗೆಯಿಂದ ಅವನಿಗೆ ಒಳಗೊಳಗೇ ಹಗುರವಾಗಿತ್ತು.

ಅಪ್ಪ ಹೋದಾಗ ಅವನಿಗೆ ಏನೂ ಅನ್ನಿಸಿರಲಿಲ್ಲ. ಚಿತೆಯ ಮುಂದೆ ನಿಂತು ಹೊಗೆ ಯಾವ ಕಡೆ ವಾಲುತ್ತಿದೆ ಎಂದು ನೋಡಿದ್ದು ನೆನಪಿದೆ. ಎಲ್ಲರೂ 'ಗಟ್ಟಿ ಮನಸ್ಸು' ಎಂದರು. ಮೊದಲ ವರ್ಷದ ಶ್ರಾದ್ಧದಲ್ಲಿ ಕಣ್ಣಿಗೆ ನೀರು ಬಂತು. ಅದು ಹೋಮದ ಹೊಗೆಗೆ ಎಂದು ಅವನಿಗೆ ಗೊತ್ತಿತ್ತು. ಈ ಸಲವಾದರೂ, ಎಂದು ವಾರದಿಂದ ಕಳ್ಳನ ಹಾಗೆ ಕಾಯುತ್ತಿದ್ದ. ಯಾರಿಗೂ ಹೇಳಿರಲಿಲ್ಲ. ಈಗ ಒಂದು ನೆಪ ಸಿಕ್ಕಿತು. ಇವತ್ತು ಏನೂ ಅನ್ನಿಸದೇ ಹೋದರೆ ಅದು ಅವನ ತಪ್ಪಲ್ಲ. ದಿನವೇ ಇವತ್ತಲ್ಲವಲ್ಲ.

ಮನೆ ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿಗೆ ಹತ್ತಿರ, ಎರಡು ಕೋಣೆಯ ತಾರಸಿ ಮನೆ. ಹಿಂದೆ ಪಶ್ಚಿಮಕ್ಕೆ ಗುಡ್ಡ. ಬಾಗಿಲಲ್ಲೇ ಒಗ್ಗರಣೆಯ ಘಾಟು. ಅಮ್ಮ ಮೀನಾಕ್ಷಮ್ಮ ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಹೊರಗೆ ಬಂದರು.

'ಬಂದ್ಯಾ? ಸುಮನಾ ಬರ್ಲಿಲ್ವಾ?'

'ಪಾಪುಗೆ ಪರೀಕ್ಷೆ.'

'ಹ್ಞಾಂ, ಇರ್ಲಿ.' ಅಮ್ಮ ಹತ್ತಿರ ಬಂದು ಅವನ ಮುಖವನ್ನು ಅಂಗಡಿಯಲ್ಲಿ ಸೀರೆ ನೋಡುವ ಹಾಗೆ ಬೆಳಕಿಗೆ ತಿರುಗಿಸಿ ನೋಡಿದರು. 'ಬಡವಾಗಿದ್ದಿ. ಅಥವಾ ನಂಗೇ ಕಾಣೋದಿಲ್ವೋ ಏನೋ. ಈ ಕಣ್ಣು ನೋಡು, ಒಂದ್ವರ್ಷ ಆಯ್ತು, ಸಂಜೆ ಆದ್ರೆ ಮಂಜು.'

'ಡಾಕ್ಟ್ರಿಗೆ ತೋರ್ಸಿದ್ರಾ?'

ಒಳಗಿನಿಂದ ಅಪೇಕ್ಷಾ ಕೂಗಿ ಹೇಳಿದಳು. 'ಎರಡ್ಸಲ ತೋರ್ಸಿ ಆಯ್ತು. ಕಣ್ಣು ಚೆನ್ನಾಗಿದೆ ಅಂದ್ರು. ಅಮ್ಮ ನಂಬ್ಬೇಕಲ್ಲ.'

'ಅವ್ರು ಹಗಲಲ್ಲಿ ನೋಡಿದ್ರೆ ಎಂತ ಗೊತ್ತಾಗ್ತದೆ. ಶಿವಮೊಗ್ಗಕ್ಕೆ ಒಂದ್ಸಲ ಕರ್ಕಂಡು ಹೋಗು ಮಾರಾಯ.'

'ಆಯ್ತು' ಎಂದ. ಅವನ ಕಣ್ಣು ಅಮ್ಮನ ತಲೆಯ ಹಿಂದಿನ ಗೋಡೆಯ ಮೇಲಿತ್ತು. ಅಲ್ಲಿ ಕ್ಯಾಲೆಂಡರು ತೂಗುತ್ತಿತ್ತು. ಇವತ್ತಿನ ತಾರೀಖಿನ ಪಕ್ಕ ಅಮ್ಮ ಕುಂಕುಮದ ಬೊಟ್ಟಿಟ್ಟಿದ್ದರು. ಹಾಳೆಯ ಕೆಳಗೆ ಸಣ್ಣಕ್ಷರದಲ್ಲಿ 'ಗಣಿತ: ದಿವಂಗತ ಸುಬ್ಬಕೃಷ್ಣ' ಎಂದಿತ್ತು. ತನ್ನ ಹೆಸರು ಬೇಡ ಎಂದು ಜಟ್ಟಿಂಗಪ್ಪನಿಗೆ ಹೇಳಿದವನು ಅವನೇ. ನಂಬದವನ ಹೆಸರು ಯಾಕೆ ಎಂದಿದ್ದ. ವಿನಯವೆಂದು ಜಟ್ಟಿಂಗಪ್ಪ ತಿಳಿದುಕೊಂಡ. ಈಗ ತಪ್ಪು ಪೂರ್ತಿಯಾಗಿ ಸತ್ತವರ ಹೆಸರಿನಲ್ಲಿತ್ತು.

ಶ್ರೀಕಾಂತ ಭಟ್ಟರು ಸ್ಕೂಟರಿನಲ್ಲಿ ಬಂದರು. ಅವನಿಗಿಂತ ಸಣ್ಣವರು, ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗಿನಂಥದೇ ಬ್ಯಾಗು, ಒಳಗೆ ದರ್ಭೆ. ಬಾವಿಕಟ್ಟೆಯಲ್ಲಿ ಕಾಲು ತೊಳೆಯುತ್ತ ಅವರು ಮಾತು ತೆಗೆದರು.

'ಒಂದು ವಿಷಯ ಕೇಳ್ಬೇಕಿತ್ತು ಮಯೂರಣ್ಣ. ಬೇರೆ ಪಂಚಾಂಗದಲ್ಲೆಲ್ಲ ಪಂಚಮಿ ಶ್ರಾದ್ಧ ನಾಳೆ ಅಂತ ಇದೆ.'

ಮಯೂರ ಟವೆಲು ಚಾಚಿ ಹಿಡಿದ.

'ನಾನು ನಿಮ್ಮಪ್ಪನ ಲೆಕ್ಕವೇ ಹಿಡಿದೆ' ಎಂದರು ಭಟ್ಟರು. 'ನಮ್ಮೂರಿನ ಉದಯಕ್ಕೆ ಹಾಕಿದ್ದು ಅದೊಂದೇ ಅಲ್ವಾ. ಇನ್ನೂ ಎರಡು ಮನೆಯವ್ರಿಗೆ ಇವತ್ತೇ ಅಂತ ಹೇಳಿದೀನಿ. ಸರಿ ತಾನೆ?'

ಇದಕ್ಕಿಂತ ಸಲೀಸಾಗಿ ಬಾಯಿ ಬಿಡುವ ಅವಕಾಶ ಇನ್ನೆಲ್ಲಿ ಸಿಗಬೇಕು. ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿದ. ಅಡುಗೆ ಆಗಿದೆ, ಅದನ್ನು ಯಾರಿಗಾದರೂ ಹಂಚಬಹುದು. ಭಟ್ಟರು ನಾಳೆ ಬರಬಹುದು. ಅಮ್ಮ ಇವತ್ತಿನ ಉಪವಾಸದ ಮೇಲೆ ನಾಳೆಯದನ್ನೂ ಮಾಡುತ್ತಾರೆ, ಬೇಜಾರಿಲ್ಲದೆ. ಅವನಿಗೂ ರಜ ಸಿಗುತ್ತದೆ, ಅಪೇಕ್ಷಾಗೆ ಸಿಗದಿದ್ದರೂ ನಡೆಯುತ್ತದೆ. ಅಡ್ಡಿ ಅಂತ ಹೇಳಲು ಒಂದೂ ಇರಲಿಲ್ಲ.

ಆದರೆ ನಾಳೆ ಎಂದರೆ ಸರಿಯಾದ ದಿನ. ಸರಿಯಾದ ದಿನ, ಸರಿಯಾದ ಹೊತ್ತು, ಅಪ್ಪನ ಲೆಕ್ಕದ ಪ್ರಕಾರವೇ. ಅಲ್ಲಿ ಕೂತು ಎಳ್ಳು ನೀರು ಬಿಟ್ಟು, ಆಗಲೂ ಏನೂ ಅನ್ನಿಸದೇ ಹೋದರೆ? ಆಗ ಹೇಳಿಕೊಳ್ಳಲು ಯಾವ ಮ್ಯಾಕ್ರೋವೂ ಇರುವುದಿಲ್ಲ. ಅವನಿಗೆ ಹೆದರಿಕೆಯಾಯಿತು. ಬಹಳ ವರ್ಷದ ಮೇಲೆ ಆದ ಹೆದರಿಕೆ.

'ಉದಯದಲ್ಲಿ ವ್ಯತ್ಯಾಸ ಬರ್ತದೆ' ಎಂದ.

'ಅದೇ ಅಂದ್ಕೊಂಡೆ' ಎಂದು ಭಟ್ಟರು ಟವೆಲು ತೆಗೆದುಕೊಂಡರು.

ಭಟ್ಟರು ಹೇಳಿಕೊಟ್ಟದ್ದನ್ನು ಹೇಳಿದ. ಕಾರ್ತಿಕಮಾಸೇ, ಕೃಷ್ಣಪಕ್ಷೇ, ಪಂಚಮ್ಯಾಂ ತಿಥೌ. ಹೊರಗೆ ಇನ್ನೂ ಚೌತಿಯೇ ಇತ್ತು. ಜನಿವಾರ ಬದಲಿಸಿ ಎಂದಾಗ ಬದಲಿಸಿದ, ಎಳ್ಳು ಬಿಡಿ ಎಂದಾಗ ಬಿಟ್ಟ. ಒಂದು ಮನೆಗೆ ಹೋಗು, ಇದ್ದದ್ದಕ್ಕೆ ಇಷ್ಟು ಕೂಡಿಸು, ವಾಪಸ್ ಇಡು, ಮುಂದಿನದಕ್ಕೆ ಹೋಗು. ಅಪ್ಪ, ಅಜ್ಜ, ಮುತ್ತಜ್ಜ ಎಂದು ಹೆಸರುಗಳು ಬಂದವು. ಮುತ್ತಜ್ಜನ ಹೆಸರು ಅವನಿಗೆ ಗೊತ್ತಿರಲಿಲ್ಲ. ಅಪೇಕ್ಷಾ ಬಾಗಿಲ ಹಿಂದಿನಿಂದ ಹೇಳಿದಳು. ಅಪ್ಪನ ಸ್ಥಾನದಲ್ಲಿ ಊಟಕ್ಕೆ ಕೂತಿದ್ದ ಮುದುಕರು ವಡೆ ಎರಡು ಸಲ ಹಾಕಿಸಿಕೊಂಡರು. ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಅವರು ಉಣ್ಣುವುದನ್ನು ನೋಡುತ್ತಿದ್ದರು. ಅಮ್ಮನ ಮುಖದಲ್ಲಿ ಎಂಥ ನೆಮ್ಮದಿ ಇತ್ತೆಂದರೆ ಮಯೂರ ಕಣ್ಣು ತಗ್ಗಿಸಿದ. ಅಪ್ಪನಿಗೆ ವಡೆ ಇಷ್ಟವಿತ್ತೇ ಎಂದು ನೆನಪು ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ಏನೂ ಅನ್ನಿಸಲಿಲ್ಲ. ಇವತ್ತಲ್ಲವಲ್ಲ, ಎಂದು ತನಗೆ ತಾನೇ ಹೇಳಿಕೊಂಡ.

ಪಿಂಡ ಬಿಡಲು ತುಂಗೆಗೆ ಹೋದ. ಬಂಡೆಗಳ ನಡುವೆ ನೀರು ತೆಳ್ಳಗೆ ಹರಿಯುತ್ತಿತ್ತು. ಮೊಣಕಾಲು ನೀರಿಗಿಳಿದು, ಬಾಳೆಲೆಯನ್ನು ನೀರ ಮೇಲೆ ಹಿಡಿದು ನಿಂತ. ಬಿಡದೆ ಒಂದಷ್ಟು ಹೊತ್ತು ಹಾಗೇ ನಿಂತ. ಬೀಸಾಕಿ ಹೋಗಿ ಅಮ್ಮನಿಗೆ ಹೇಳಿಬಿಡಲೇ ಎಂದು ನಿಜವಾಗಿ ಅನ್ನಿಸಿದ್ದು ಅಲ್ಲಿ. ಅಷ್ಟರಲ್ಲಿ ಮೀನುಗಳು ಎಲೆಯ ನೆರಳಿಗೆ ಗುಂಪು ಕಟ್ಟಿದವು. ಎಲೆ ಜಾರಿತೋ ಅವನೇ ಬಿಟ್ಟನೋ, ಅನ್ನ ನೀರಿಗೆ ಬಿತ್ತು. ಮೀನುಗಳು ಯಾವ ದಿನ ಎಂದು ಕೇಳಲಿಲ್ಲ. ಮೇಲೆ ಬಂದು ಕಾಲು ಒರೆಸಿಕೊಂಡು, ಸುಮನಾಗೆ 'ಮುಗೀತು' ಎಂದು ಮೆಸೇಜು ಹಾಕಿದ. ಹೆಬ್ಬೆರಳು ಎತ್ತಿದ ಚಿತ್ರ ಬಂತು.

ಊಟ ಮುಗಿಯುವಾಗ ನಾಲ್ಕಾಗಿತ್ತು. ಭಟ್ಟರು ಹೋದರು, 'ಎಲ್ಲ ಚಂದ ಆಯ್ತು' ಎಂದರು. ಎರವಲು ತಂದ ಪಾತ್ರೆಗಳನ್ನು ವಾಪಸ್ ಕೊಟ್ಟು ಬರಲು ಅಪೇಕ್ಷಾ ಸ್ಕೂಟರಿಗೆ ಹೇರಿಕೊಂಡು ಹೊರಟಳು.

'ಇವತ್ತು ಉಳ್ಕೋ' ಎಂದರು ಅಮ್ಮ. 'ಬೆಳಿಗ್ಗೆ ಹೋದ್ರಾಯ್ತು.'

'ಇವತ್ತೇ ಏಳು ಗಂಟೆ ಬಸ್ಸಿಗೆ ಹೋಗ್ತೀನಿ. ನಾಳೆ ಕ್ಲಾಸಿದೆ.'

ನಾಳೆ ಅವನಿಗೆ ಕ್ಲಾಸು ಇರಲಿಲ್ಲ.

ಅಮ್ಮ ಒತ್ತಾಯ ಮಾಡಲಿಲ್ಲ. ಹಿಂದಿನ ಜಗಲಿಗೆ ಬಂದು ಗೋಡೆಗೆ ಒರಗಿ ಕೂತರು. ಅವನೂ ಕೂತ. ಎದುರಿಗೆ ಗುಡ್ಡ. ಸೂರ್ಯ ಅದರ ನೆತ್ತಿಯ ಮರಗಳಲ್ಲಿ ಸಿಕ್ಕಿಕೊಂಡು, ಕೆಂಪಗಾಗಿ, ಹಿಂದಕ್ಕೆ ಇಳಿದುಹೋದ. ಅಮ್ಮ ಒಳಗೆ ಹೋಗಿ ಬೆಂಕಿಪೊಟ್ಟಣ ತಂದು ಮಡಿಲಲ್ಲಿಟ್ಟುಕೊಂಡರು. ದೇವರ ಮುಂದೆ ದೀಪ ಹಚ್ಚುವ ಮೊದಲು ಈ ಮನೆಯಲ್ಲಿ ಲೈಟು ಹಾಕುವ ಪದ್ಧತಿಯಿಲ್ಲ, ಮತ್ತು ಸೂರ್ಯ ಮುಳುಗುವ ಮೊದಲು ದೀಪ ಹಚ್ಚುವ ಪದ್ಧತಿಯಿಲ್ಲ.

'ಹಚ್ಚೋದಿಲ್ವಾ?' ಎಂದ, ಸ್ವಲ್ಪ ಹೊತ್ತು ಬಿಟ್ಟು.

'ಇನ್ನೂ ಹೊತ್ತಿದ್ಯಲ್ಲ. ಆರೂವರೆಗೆ ಅಂತ ಇದೆ ಕ್ಯಾಲೆಂಡರಲ್ಲಿ.'

'ಸೂರ್ಯ ಹೋದ ಅಮ್ಮ.'

'ಕಣ್ಣಿಗೆ ಹೋದ. ಲೆಕ್ಕಕ್ಕೆ ಇನ್ನೂ ಇದಾನೆ. ನಿನ್ನಪ್ಪ ನಂಗೂ ಹೇಳಿಕೊಟ್ಟಿದಾರೆ.' ಅಮ್ಮ ನಕ್ಕರು. ಆ ನಗುವಿನಲ್ಲಿ ಮದುವೆಯಾದ ಹೊಸತರ ಯಾವುದೋ ಸಂಜೆ ಇತ್ತು. 'ಗುಡ್ಡದ ಆಚೆ ಪೂರ್ತಿ ಬೆಳಕು ಇರ್ತದೆ ಅನ್ನೋರು. ಅವ್ರಿದ್ದಾಗ ಹಾಗೇ ಇರ್ತಿತ್ತು ಕೂಡಾ. ಗುಡ್ಡದ ಹಿಂದೆ ಹೋದ ಮೇಲೂ ನಂಗೆ ಅಂಗಳ ಎಲ್ಲ ಕಾಣೋದು. ದೀಪ ಹಚ್ಚೋ ಹೊತ್ತಿಗೆ ಬತ್ತಿ ಸೂಜಿ ಕಂಡ ಹಾಗೆ ಕಾಣೋದು. ಈ ಒಂದ್ವರ್ಷದಿಂದಲೇ ನೋಡು. ಹೊತ್ತು ಮುಳುಗೋ ಮೊದ್ಲೇ ನಂಗೆ ಕತ್ತಲೆ ಬಂದುಬಿಡ್ತದೆ. ಬತ್ತಿ ತಡಕಬೇಕು.'

ಮಯೂರ ಅಮ್ಮನ ಕಡೆ ತಿರುಗಿದ. ಎರಡು ಸಲ ಡಾಕ್ಟರಿಗೆ ತೋರಿಸಿದ್ದು, ಶಿವಮೊಗ್ಗಕ್ಕೆ ಕರೆದುಕೊಂಡು ಹೋಗು ಎಂದದ್ದು, ಎಲ್ಲ ಒಂದಕ್ಕೊಂದು ಕೂಡಿಕೊಂಡಿತು. ಅಮ್ಮ ಕ್ಯಾಲೆಂಡರನ್ನು ಅನುಮಾನಿಸಿರಲಿಲ್ಲ. ಅದು ಗಂಡನ ಲೆಕ್ಕ. ವರ್ಷವಿಡೀ ಪ್ರತಿ ಸಂಜೆ, ಮುಳುಗಿಹೋದ ಸೂರ್ಯ ಮುಳುಗುವುದನ್ನು ಕಾಯುತ್ತ ಇಪ್ಪತ್ತೊಂಬತ್ತು ನಿಮಿಷ ಕತ್ತಲಲ್ಲಿ ಕೂತು, ಕಣ್ಣು ಹೋಗುತ್ತಿದೆ ಎಂದು ತಿಳಿದುಕೊಂಡಿದ್ದರು.

ಎದೆಯಲ್ಲಿ ಏನೋ ಹಿಂಡಿತು. ಇದೇ ಇರಬಹುದೇ ಅದು, ಎಂದುಕೊಂಡ. ಎರಡು ವರ್ಷದಿಂದ ಕಾದದ್ದು. ಹಾಗೆಂದುಕೊಂಡ ಕೂಡಲೇ ಅದು ನಿಂತುಹೋಯಿತು.

'ಅಮ್ಮ.'

'ಎಂತ?'

ಹೇಳಬೇಕಾದದ್ದು ಸಣ್ಣ ಮಾತು. ನಾನು ಎರಡು ಸಲ ಒತ್ತಿದೆ. ನಿನ್ನ ಕಣ್ಣು ಸರಿ ಇದೆ. ಆದರೆ ಆ ಮಾತಿನ ಬೆನ್ನಿಗೇ ಇನ್ನೊಂದು ಬರುತ್ತದೆ: ಇವತ್ತು ಉಂಡದ್ದು ಅಪ್ಪ ಅಲ್ಲ. ಅವರು ಬರುವುದು ನಾಳೆ. ಒಂದನ್ನು ಕೊಟ್ಟು ಇನ್ನೊಂದನ್ನು ಮುಚ್ಚಿಡಲು ಬರುವುದಿಲ್ಲ. ಅಮ್ಮ ಮೇಷ್ಟ್ರ ಹೆಂಡತಿ, ಎಣಿಸಿಬಿಡುತ್ತಾರೆ. ಎಣಿಸಿದರೆ ನಾಳೆ ಅವನು ಇಲ್ಲಿರಬೇಕು.

ಗುಡ್ಡ ಕರಗಿ ಆಕಾಶಕ್ಕೆ ಸೇರಿತು. ಅಂಗಳದ ತುಳಸಿಕಟ್ಟೆ ಕಾಣದಾಯಿತು. ಬಸ್‌ಸ್ಟ್ಯಾಂಡಿನ ಕಡೆಯಿಂದ ಹಾರ್ನು ಕೇಳುತ್ತಿತ್ತು. ಅಕ್ಕಪಕ್ಕದ ಮನೆಗಳಲ್ಲಿ ಲೈಟು ಹತ್ತಿತು.

'ನೋಡು, ಅವ್ರೆಲ್ಲ ಹೊತ್ತಿಗೆ ಮೊದ್ಲೇ ಲೈಟು ಹಾಕ್ತಾರೆ' ಎಂದರು ಅಮ್ಮ. 'ಎಷ್ಟಾಯ್ತು ಈಗ?'

ಅವನು ಫೋನು ನೋಡಿದ. ಅದರ ಬೆಳಕಿನಲ್ಲಿ ಕ್ಷಣ ಹೊತ್ತು ಅಮ್ಮನ ಕೈ ಕಂಡಿತು, ಬೆಂಕಿಪೊಟ್ಟಣದ ಮೇಲೆ. ಫೋನು ಮಗುಚಿಟ್ಟ.

'ಇನ್ನೂ ಹತ್ತು ನಿಮಿಷ ಇದೆ.'

'ಹ್ಞೂಂ.'

ಅಮ್ಮ ಕನ್ನಡಕ ತೆಗೆದ ಸದ್ದು, ಸೆರಗಿನಲ್ಲಿ ಒರೆಸಿದ ಸದ್ದು, ಮತ್ತೆ ಹಾಕಿಕೊಂಡ ಸದ್ದು. ಗುಡ್ಡ ಇದ್ದ ಕಡೆಗೆ ಮುಖ ಮಾಡಿದ್ದರು ಅಂತ ತೋರುತ್ತದೆ. ದನಿ ಆ ಕಡೆಯಿಂದ ಬಂತು.

'ನಿಂಗೆ ಬೆಳಕು ಕಾಣ್ತದಾ ಮಯೂರ?'

ಅವನು ಕತ್ತಲನ್ನು ನೋಡಿದ.

'ಕಾಣ್ತದೆ ಅಮ್ಮ' ಎಂದ.

'ಸರಿ ಹಾಗಾದ್ರೆ' ಎಂದು ಅಮ್ಮ ಬೆಂಕಿಪೊಟ್ಟಣ ಹಿಡಿದುಕೊಂಡು ಕಾಯುತ್ತ ಕೂತರು.